ಉಳಿದ ಆರು ನಮೋ ಮರಿಯಾ

ನಮ್ಮ ರೇಡಿಯೊದಲ್ಲಿ ಪ್ರಸಾರವಾದದ್ದನ್ನೆಲ್ಲ ಮೂರು ತಿಂಗಳು ಕಂಪ್ಯೂಟರಿನಲ್ಲಿ ಇಟ್ಟುಕೊಂಡು ಆಮೇಲೆ ಅಳಿಸುತ್ತೇವೆ. ಕಳೆದ ಮಳೆಗಾಲದ ಒಂದು ಸಂಜೆಯ ಜಪಸರವನ್ನು ಮಾತ್ರ ನಾನು ನನ್ನ ಮೊಬೈಲಿಗೆ ಇಳಿಸಿಕೊಂಡಿದ್ದೇನೆ. ಅದರಲ್ಲಿ ಕಮಲಾಪುರದ ಒಬ್ಬ ವಯಸ್ಸಾದ ಆಯಿ ಫೋನಿನಲ್ಲಿ ನಮೋ ಮರಿಯಾ ಪ್ರಾರ್ಥನೆ ಹೇಳುತ್ತಿದ್ದಾರೆ. ಹತ್ತರಲ್ಲಿ ನಾಲ್ಕು ಮುಗಿಯುತ್ತವೆ. ಒಂದು ಸದ್ದು ಬರುತ್ತದೆ. ಉಳಿದ ಆರನ್ನು ಹೇಳಿದವಳು ನಾನು. ಆ ಸದ್ದು, ಅವರ ಮನೆಯ ಮಾಳಿಗೆಯ ಮಣ್ಣಿನ ಚಾವಣಿ ಅವರ ಮೇಲೆ ಕುಸಿದದ್ದು.

ನನ್ನ ತಾಯಿಗೆ ರೇಡಿಯೊ ಎಂದರೆ ಶಾರ್ಟ್‌ವೇವ್. ಸಮುದ್ರದಾಚೆಯ ಯಾವುದೋ ಊರಿನಿಂದ ಬರುವ ಕ್ಯಾಥೊಲಿಕ್ ಕಾರ್ಯಕ್ರಮಕ್ಕಾಗಿ ಅವಳು ಸಂಜೆ ಮುಳ್ಳು ತಿರುಗಿಸುತ್ತ ಕೂರುತ್ತಿದ್ದಳು. ಗೊರಗೊರ ಸದ್ದಿನ ನಡುವೆ ತಮಿಳಿನದೋ ತೆಲುಗಿನದೋ ಒಂದು ಭಕ್ತಿಗೀತೆ ಸಿಕ್ಕರೆ ಅಂದು ಅಡುಗೆ ತಡವಾಗುತ್ತಿತ್ತು. ಕನ್ನಡದ್ದು ಸಿಗುತ್ತಿದ್ದುದು ಕ್ರಿಸ್ಮಸ್ಸಿಗೆ, ಸರ್ಕಾರಿ ರೇಡಿಯೊದಲ್ಲಿ, ಅರ್ಧ ಗಂಟೆ. ಈಗ ಕಲಬುರಗಿಯ ನಮ್ಮ ಚರ್ಚಿನ ಹಿಂದಿನ ಎರಡು ಕೋಣೆಗಳಿಂದಲೇ ಪ್ರಸಾರ ಹೋಗುತ್ತದೆ. ಇಂಟರ್ನೆಟ್ಟಿನ ರೇಡಿಯೊ, ಮೊಬೈಲಿನಲ್ಲಿ ಕೇಳುವಂಥದು. ಗೋಡೆಗಳಿಗೆ ಕೌದಿ ತೂಗುಹಾಕಿದ್ದೇವೆ, ದನಿ ಪ್ರತಿಧ್ವನಿಸದಿರಲಿ ಎಂದು. ಮೊದಲು ದಿನಕ್ಕೊಂದು ಗಂಟೆ ಇತ್ತು. ರೋಗ ಹರಡಿ ಚರ್ಚಿನ ಬಾಗಿಲು ಮುಚ್ಚಿದ ಕಾಲದಲ್ಲಿ ಅದು ಬೆಳೆಯತೊಡಗಿತು. ಬಾಗಿಲು ತೆರೆದ ಮೇಲೂ ನಿಲ್ಲಲಿಲ್ಲ. ಬೆಳಿಗ್ಗೆ ಚರ್ಚಿನ ಬಲಿಪೂಜೆ, ಆಮೇಲೆ ಸಿಸ್ಟರ್ ಒಬ್ಬರ ತೆಲುಗು ಗಂಟೆ, ಭಾನುವಾರ ಕೊಂಕಣಿ ಹಾಡು, ಮಧ್ಯಾಹ್ನ ಬಾಣಂತಿಯರ ಆರೈಕೆ, ತೊಗರಿಗೆ ಬೀಳುವ ಹುಳ. ರೋಜಾ ಬಡಾವಣೆಯ ಹೊಲಿಗೆ ಕೆಲಸದ ಹೆಂಗಸರು ಆರೋಗ್ಯದ ಮಾತನ್ನು ದಖನಿ ಉರ್ದುವಿನಲ್ಲಿ ಹೇಳಿ ಎಂದು ಬಂದು ಕೇಳಿದರು. ಅದೂ ಶುರುವಾಯಿತು.

ಆದರೆ ಜನ ಹೆಚ್ಚಾಗಿ ಕೇಳುವುದು ಸಂಜೆಯ ಜಪಸರವನ್ನೇ. ಮಣಿ ಎಣಿಸುತ್ತ ಮರಿಯಮ್ಮನಿಗೆ ಹೇಳುವ ಪ್ರಾರ್ಥನೆ ಅದು. ಐದು ಸುತ್ತು, ಸುತ್ತಿಗೆ ಹತ್ತು ನಮೋ ಮರಿಯಾ. ಒಂದೊಂದು ಸುತ್ತನ್ನು ಒಂದೊಂದು ಮನೆಯವರು ಫೋನಿನಲ್ಲಿ ನಡೆಸುತ್ತಾರೆ. ಪ್ರತಿ ನಮೋ ಮರಿಯಾದ ಮೊದಲರ್ಧ ಅವರದು, ಉಳಿದರ್ಧ ಸ್ಟುಡಿಯೊದಲ್ಲಿ ಕುಳಿತ ನನ್ನದು. ಇಂಟರ್ನೆಟ್ಟಾದ್ದರಿಂದ ನಾವು ಆಡಿದ್ದು ಕೇಳುಗರಿಗೆ ಅರ್ಧ ನಿಮಿಷ ತಡವಾಗಿ ಮುಟ್ಟುತ್ತದೆ. ಹಾಗಾಗಿ ಫೋನು ಹಚ್ಚಿದವರು ತಮ್ಮ ಮನೆಯ ರೇಡಿಯೊವನ್ನು ತಗ್ಗಿಸಬೇಕು, ಇಲ್ಲದಿದ್ದರೆ ತಮ್ಮದೇ ಹಳೆಯ ದನಿ ಕೇಳಿ ತೊದಲುತ್ತಾರೆ.

ಇನ್ನೊಂದು ನಿಯಮವಿತ್ತು. ನಮ್ಮ ರೇಡಿಯೊ ನಡೆಸುವ ಫಾದರ್ ಕರಾವಳಿಯವರು. ನಾನು ಸೇರಿದ ಮೊದಲ ದಿನವೇ ಹೇಳಿದ್ದರು: "ಲೈನ್ ಹೋದ್ರೆ ತಕ್ಷಣ ನೀನು ಹಿಡ್ಕೊ ಮಾರಾಯ್ತಿ. ಎಲ್ಲಿಗೆ ನಿಂತಿದೆಯೋ ಅಲ್ಲಿಂದಲೇ. ರೇಡಿಯೊ ಸುಮ್ಮನಾದ್ರೆ ಜನ ಹೆದರ್ತಾರೆ." ಮಳೆಗಾಲದಲ್ಲಿ ಲೈನು ಹೋಗದ ದಿನವಿರಲಿಲ್ಲ. ನಾನು ಎಷ್ಟು ಪಳಗಿದ್ದೆನೆಂದರೆ, ಕೇಳುಗರಿಗೆ ದನಿ ಬದಲಾದದ್ದು ತಿಳಿಯುತ್ತಿತ್ತೇ ಹೊರತು ನಡುವಿನ ಬಿರುಕು ತಿಳಿಯುತ್ತಿರಲಿಲ್ಲ. ಅದು ನನಗೆ ಹೆಮ್ಮೆಯಾಗಿತ್ತು.

ಆ ಸಂಜೆ ಮೂರನೇ ದಿನದ ಮಳೆ. ನಾಲ್ಕನೇ ಸುತ್ತು ಕಮಲಾಪುರದ ಆಯಿಯದು. ಮಗ, ಸೊಸೆ ಹೆದ್ದಾರಿ ಬದಿಯಲ್ಲಿ ಗಾಡಿ ಇಟ್ಟು ಕೆಂಪು ಬಾಳೆಹಣ್ಣು ಮಾರುತ್ತಾರೆ. ಸಂಜೆ ಮನೆಯಲ್ಲಿ ಅವರೊಬ್ಬರೇ. ಮಾತಾಡಲು ಒಂದು ಬಟನ್ ಫೋನು, ರೇಡಿಯೊ ಕೇಳಲೆಂದೇ ಮಗ ಬಿಟ್ಟುಕೊಟ್ಟ ಗಾಜು ಒಡೆದ ಮೊಬೈಲು ಇನ್ನೊಂದು.

"ಆಯಿ, ರೇಡಿಯೊ ಸಣ್ಣ ಮಾಡ್ರಿ," ಎಂದೆ.

"ಮಾಡೀನಿ ಯವ್ವಾ. ನಿನ್ನ ದನಿನೇ ಅಷ್ಟು ದೊಡ್ಡದದ, ನಾ ಏನ್ ಮಾಡ್ಲಿ?"

"ಮಳಿ ಜೋರದ ಏನ್ರಿ ಅಲ್ಲಿ?"

"ಜೋರಂದ್ರ! ಮಾಳಗಿ ಸೋರಕತ್ತದ. ಬೋಗಾಣಿ ಇಟ್ಟು ಕುಂತೀನಿ. ಸುರು ಮಾಡೋಣು, ಬೋಗಾಣಿ ತುಂಬೂದ್ರಾಗ ಮುಗಸೋಣು."

ನಕ್ಕೆವು. ಧ್ವನಿಮುದ್ರಣದಲ್ಲಿ ನಮ್ಮಿಬ್ಬರ ನಗುವೂ ಇದೆ.

ನಾಲ್ಕನೆಯದು ಮುಗಿದು ಅವರು ಉಸಿರು ತೆಗೆದುಕೊಂಡರು. ಆಗ ಸದ್ದು ಬಂತು. ಮೊದಲು ಮರ ಸೀಳಿದಂಥದು, ಹಿಂದೆಯೇ ಮೂಟೆ ಮೂಟೆ ಏನೋ ಸುರುವಿದಂಥದು. ಲೈನು ಕಡಿಯಿತು. ಎರಡು ಸೆಕೆಂಡು ಏನೂ ಇಲ್ಲ. ಆಮೇಲೆ ನನ್ನ ದನಿ, ಸಮಾಧಾನವಾಗಿ, ಐದನೆಯದನ್ನು ಎತ್ತಿಕೊಳ್ಳುತ್ತದೆ. ಪ್ರತಿ ನಮೋ ಮರಿಯಾದ ಕೊನೆಗೂ ನಮ್ಮ ಮರಣದ ವೇಳೆ ನಮಗಾಗಿ ಪ್ರಾರ್ಥಿಸು ಎಂಬ ಮಾತು ಬರುತ್ತದೆ. ಅದನ್ನು ಆರು ಸಲ ಹೇಳಿದ್ದೇನೆ, ಒಂದೂ ಅಕ್ಷರ ನುಂಗದೆ. ಐದನೇ ಸುತ್ತನ್ನು ಶರಣಬಸವೇಶ್ವರ ದೇವಸ್ಥಾನದ ಹತ್ತಿರದ ಒಂದು ಮನೆಯವರು ನಡೆಸಿಕೊಟ್ಟರು. ಒಂದು ಹಾಡು ಹಾಕಿದೆ. ಆಮೇಲಷ್ಟೇ ಆಯಿಯ ನಂಬರಿಗೆ ಫೋನು ಮಾಡಿದೆ. ಸ್ವಿಚ್ ಆಫ್. ಇನ್ನೊಂದು ಸಲ ಮಾಡಲಿಲ್ಲ. ಕೊಡೆ ಹುಡುಕಿ, ಆಟೊ ಹಿಡಿದು, ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಮನೆಗೆ ಹೋಗಿ ರೊಟ್ಟಿ ತಿಂದು ಮಲಗಿದೆ.

ಮರುದಿನ ಬೆಳಿಗ್ಗೆ ಅವರ ಮಗನ ಫೋನು ಬಂತು. ಪಕ್ಕದ ಮನೆಯಾಕೆ ಮೊರೆ ಕೇಳಿ, ಬಾಗಿಲು ತಳ್ಳಿ, ಓಣಿಯವರನ್ನು ಕೂಗಿ ಕರೆದು ಆಯಿಯನ್ನು ಮಣ್ಣಿನಡಿಯಿಂದ ಹೊರತೆಗೆಸಿದ್ದಳು. ಅದಕ್ಕೆ ಅರ್ಧ ತಾಸಿನ ಮೇಲಾಗಿತ್ತು. ಒಂದು ತೊಲೆ ಮಂಚಕ್ಕೆ ಅಡ್ಡ ಬಿದ್ದು ಎದೆಯನ್ನು ಕಾಪಾಡಿತ್ತು. ತೊಡೆಯ ಮೂಳೆ ಮುರಿದಿತ್ತು.

"ನಾ ಗಾಡಿ ಹಂತೇಕೇ ಇದ್ದೆ ಮೇಡಂ, ಕಿವಿಗೆ ಹಾಕ್ಕೊಂಡು ಕೇಳಕತ್ತಿದ್ದೆ," ಎಂದ. "ಸಪ್ಪಳ ನನಗೂ ಕೇಳ್ತು. ಎದಿ ಧಸಕ್ ಅಂತು. ಆದ್ರ ನೀವು ಜಪ ಮುಂದ ನಡಸಿದ್ರಿ. ಏನಿಲ್ಲ ಬಿಡು, ಲೈನ್ ಹೋಗ್ಯಾದ ಅಂತ ಹಣ್ಣು ಮುಚ್ಚಕ ನಿಂತೆ."

ಅವನ ಮಾತಿನಲ್ಲಿ ದೂರಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದ, ಅಷ್ಟೆ. ಗಾಡಿಯಿಂದ ಮನೆಗೆ ಐದು ನಿಮಿಷದ ದಾರಿ.

ಎಲ್ಲರಿಗೂ ನಾನು ಒಂದೇ ಉತ್ತರ ಕೊಟ್ಟೆ: ಗುಡುಗು ಅಂದುಕೊಂಡೆ. ಫಾದರ್ ನಂಬಿದರು. ಮಗನೂ ನಂಬಿದ. ಆದರೆ ಧ್ವನಿಮುದ್ರಣದಲ್ಲಿ ಆ ಎರಡು ಸೆಕೆಂಡುಗಳಿವೆ. ಕಿವಿಗೆ ಒತ್ತಿ ಹಿಡಿದು ಕೇಳಿದರೆ, ಮೈಕಿನ ಮುಂದೆ ನನ್ನ ಉಸಿರು ಅರ್ಧಕ್ಕೆ ನಿಂತದ್ದು ತಿಳಿಯುತ್ತದೆ. ಗುಡುಗಿಗೆ ಯಾರೂ ಹಾಗೆ ಉಸಿರು ಹಿಡಿಯುವುದಿಲ್ಲ. ಏನೋ ಬಿದ್ದಿತೆಂದು ನನಗೆ ಗೊತ್ತಾಗಿತ್ತು. ಗೊತ್ತಾದದ್ದನ್ನು ಪಕ್ಕಕ್ಕಿಟ್ಟು ಐದನೆಯದನ್ನು ಎತ್ತಿಕೊಂಡೆ.

ಈಗಲೂ ಯಾವ ಹೊತ್ತಿನಲ್ಲಾದರೂ ಅದು ನನ್ನ ತಲೆಯೊಳಗೆ ಮೊದಲಿನಿಂದ ಶುರುವಾಗುತ್ತದೆ: ಬೋಗಾಣಿ, ನಗು, ಮರ ಸೀಳುವುದು. ಪ್ರತಿ ಸಲವೂ ಈ ಬಾರಿ ಬೇರೆ ಏನಾದರೂ ಹೇಳುತ್ತೇನೆ ಅಂದುಕೊಳ್ಳುತ್ತೇನೆ. "ಕಮಲಾಪುರದವರು ಯಾರಾದರೂ ಕೇಳುತ್ತಿದ್ದರೆ ಆಯಿಯ ಮನೆಗೆ ಹೋಗಿ ನೋಡಿ." ಒಂದೇ ವಾಕ್ಯ. ಹೇಳಲು ಎಷ್ಟು ಹೊತ್ತು ಬೇಕಿತ್ತು?

ಆಸ್ಪತ್ರೆಗೆ ಎರಡು ಸಲ ಹೋದೆ. ಆಯಿ ಔಷಧದ ಮಂಪರಿನಲ್ಲಿದ್ದರು. ಮೋಸಂಬಿ ಇಟ್ಟು ಬಂದೆ. ಮೂರನೇ ಸಲ ಹೋಗುವಷ್ಟರಲ್ಲಿ ಅವರನ್ನು ಮನೆಗೆ ಕಳಿಸಿದ್ದರು.

ಗುಡುಗಿನ ಮಾತು ಸುಳ್ಳು, ಆಯಿಗೆ ನಿಜ ಹೇಳಬೇಕೆಂದಿದ್ದೇನೆ ಎಂದು ಫಾದರ್‌ಗೆ ತಿಳಿಸಿದೆ. "ಹೇಳಿದ್ರೆ ನಿನಗೆ ಹಗುರಾಗ್ತದೆ. ಆ ಭಾರ ಅವರ ಮೇಲೆ ಹಾಕಿದ ಹಾಗೆ ಆಗೂದಿಲ್ವಾ?" ಎಂದರು. ಮತ್ತೆ ತಾವೇ, "ನಿಯಮ ನನ್ನದು. ನಾನೂ ಬರ್ತೇನೆ," ಎಂದರು. ಬೇಡವೆಂದೆ.

ಒಬ್ಬಳೇ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದೆ. ಕುಸಿದ ಕೋಣೆಯ ಮಣ್ಣು ಇನ್ನೂ ಅಂಗಳದಲ್ಲೇ ಇತ್ತು. ಮುಂದಿನ ತಗಡಿನ ಪಡಸಾಲೆಯಲ್ಲಿ ಮಂಚದ ಮೇಲೆ ಆಯಿ. ನನ್ನ ದನಿ ಬಲ್ಲವರು, ಮುಖ ಕಂಡವರಲ್ಲ. ಮಾತಾಡಿದ ಕೂಡಲೇ ಗುರುತಿಸಿದರು.

"ರೇಡಿಯೊದಾಕಿ! ಇಷ್ಟು ಸಣಕಲಿ ಇದ್ದಿ ಅಂತ ಗೊತ್ತಿರಲಿಲ್ಲ ನೋಡು. ದನಿ ಕೇಳಿ ಎಮ್ಮಿ ಹಂಗ ಇರ್ತಿ ಅಂತ ತಿಳ್ಕೊಂಡಿದ್ದೆ."

ನನಗೆ ನಗಲಾಗಲಿಲ್ಲ. ನಿಂತಲ್ಲೇ ಹೇಳಿಬಿಟ್ಟೆ. "ಆಯಿ, ಗುಡುಗು ಅಂದ್ಕೊಂಡೆ ಅಂತ ಎಲ್ಲಾರಿಗೂ ಹೇಳೀನ್ರಿ. ಅದು ಸುಳ್ಳರಿ. ಏನೋ ಬಿತ್ತು ಅಂತ ನನಗ ತಿಳದಿತ್ತು. ತಿಳದೂ ಜಪ ಹೇಳಿದೆ."

ಅವರು ಹೊದಿಕೆಯನ್ನು ಮುರಿದ ಕಾಲಿನ ಮೇಲೆ ಎಳೆದುಕೊಂಡರು.

"ಗೊತ್ತು," ಎಂದರು. "ರೇಡಿಯೊ ಕೇಳೂ ಆ ಮೊಬೈಲ್ ಮಣ್ಣಾಗ ಹೂತಿರಲೇ ಇಲ್ಲ. ನನ್ನ ತಲಿ ಹಂತೇಕ ಬಿದ್ದಿತ್ತು, ಹಾಡಕತ್ತಿತ್ತು. ಮಾಳಗಿ ಬಿದ್ದು ಸುಮ್ಮನಾಗ್ಯದ, ನಾ ಒದರಕತ್ತೀನಿ. ಅಷ್ಟರಾಗ ಅದರಾಗ ನನ್ನದೇ ಹಳೀ ದನಿ ಬಂತು, ಮತ್ತೊಮ್ಮಿ ಮಾಳಗಿ ಬಿತ್ತು. ಎಲ್ಡು ಸಲ ಬಿತ್ತು ನನಗ. ಆಮ್ಯಾಲ ನೀ ಚಣ ಹೊತ್ತು ನಿಂತಿ. ಹಾಂ, ಈಕಿಗಿ ತಿಳೀತು, ಈಗ ಯಾರಿಗರ ಕೂಗ್ತಾಳ ಅಂತ ನಾ ಒದರೂದು ಬಿಟ್ಟು ಕೇಳಕೋತ ಮಲಗಿದೆ. ನೀ ಜಪ ಸುರು ಮಾಡಿದಿ."

ಹೊರಗೆ ಸೊಸೆ ಮಣ್ಣು ತುಂಬುವ ಸದ್ದು ನಿಂತಿತು. ಅವಳೂ ಕೇಳುತ್ತಿದ್ದಳು.

"ಸಿಟ್ಟು ಬಂತೇನ್ರಿ?"

"ಬರದೇ ಇರ್ತದ? ನಿನ್ನ ಮ್ಯಾಲ ಬಂತು. ಮರಿಯಮ್ಮನ ಮ್ಯಾಲೂ ಬಂತು. ಆಕಿ ಮ್ಯಾಲಿಂದು ದವಾಖಾನ್ಯಾಗೇ ಹೋಯ್ತು."

"ನನ್ನ ಮ್ಯಾಲಿಂದು?"

ಆಯಿ ನನ್ನನ್ನೇ ನೋಡಿದರು. ದನಿಗೆ ಒಂದು ಮುಖವನ್ನು ಹೊಂದಿಸಿ ನೋಡುತ್ತಿದ್ದರೇನೋ. "ಗುಡುಗು ಅಂತ ನನಗೂ ಹೇಳಿದ್ದಿ ಅಂದ್ರ, ಎದ್ದು ಹೋಗು ಅಂತಿದ್ದೆ," ಎಂದರು. ಆಮೇಲೆ ಹೊರಗೆ ಕೂಗಿದರು: "ಏ ಯವ್ವಾ, ಈಕಿಗೊಂದು ಕಪ್ ಚಾ ಇಡು. ಸಕ್ರಿ ಕಡಿಮಿ ಹಾಕು."

ಚಹಾ ಕುಡಿದೆ. ಕಲಬುರಗಿಯ ಬಸ್ಸು ಹೋಗಿ ಇನ್ನೊಂದೂ ಹೋಯಿತು. ನನ್ನ ಮೇಲಿನ ಸಿಟ್ಟು ಹೋಯಿತೇ ಎಂಬುದಕ್ಕೆ ಅವರು ಉತ್ತರ ಕೊಡಲಿಲ್ಲ. ಕೊಡುವುದು ಬಿಡುವುದು ಅವರಿಗೆ ಸೇರಿದ್ದು ಎಂದು ನಾನೂ ಮತ್ತೆ ಕೇಳಲಿಲ್ಲ.