ಬುಟ್ಟಿ ಕಟ್ಟಿಕೊಂಡು ಬಂದ ವೈರಿಗಳು

ಕಂಪ್ಯೂಟರಿನಲ್ಲಿ ಯುದ್ಧದ ಆಟ ಆಡಲು ಶುರು ಮಾಡಿ ಇಷ್ಟು ವರ್ಷವಾದರೂ ನಾನು ಒಬ್ಬರ ಊರಿಗೂ ಬೆಂಕಿ ಇಟ್ಟವಳಲ್ಲ. ನನ್ನ ಊರಿಗೆ ಮಾತ್ರ ಕಂಡಕಂಡವರೆಲ್ಲ ಬೆಂಕಿ ಇಟ್ಟು ಹೋಗಿದ್ದಾರೆ. ಯಾವ ದೇಶದವರೋ ಏನೋ, ನಾನಿನ್ನೂ ಹೊಲ ಉಳುಮೆ ಮಾಡಿಸುತ್ತಿರುವಾಗಲೇ ಕುದುರೆ ಹತ್ತಿ ಬಂದು, ನನ್ನ ಆಳುಗಳನ್ನೆಲ್ಲ ಕೊಚ್ಚಿಹಾಕಿ, ಕೊನೆಗೆ ಇಂಗ್ಲಿಷಿನ ಎರಡು ಅಕ್ಷರ ಒತ್ತಿ ಎದ್ದು ಹೋಗುತ್ತಾರೆ. ಅದಕ್ಕೆ ‘ಚೆನ್ನಾಗಿ ಆಡಿದಿರಿ’ ಅಂತ ಅರ್ಥವಂತೆ, ತಂಗಿ ಹೇಳಿದಳು. ಊರು ಸುಟ್ಟಮೇಲೆ ಶಹಬ್ಬಾಸ್‌ಗಿರಿ ಬೇರೆ ಕೇಡು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆಟ ಶುರುವಾದಾಗ ನಿಮಗೆ ಒಂದು ದೊಡ್ಡ ಮನೆ, ನಾಲ್ಕಾರು ಆಳುಗಳು ಸಿಗುತ್ತಾರೆ. ಅವರಿಂದ ಮರ ಕಡಿಸಬೇಕು, ಹಣ್ಣು ಕೀಳಿಸಬೇಕು, ಕಲ್ಲು ಒಡೆಸಬೇಕು, ಬಂದದ್ದರಲ್ಲಿ ದಂಡು ಕಟ್ಟಿ ಎದುರಾಳಿಯ ಊರಿನ ಮೇಲೆ ಬೀಳಬೇಕು. ಚದುರಂಗದ ಹಾಗೆ ಈಗ ನೀನು, ಆಮೇಲೆ ನಾನು ಎಂಬ ಮರ್ಯಾದೆ ಇಲ್ಲಿಲ್ಲ. ಎಲ್ಲರೂ ಒಟ್ಟಿಗೇ ಆಡುತ್ತಿರುತ್ತಾರೆ. ಒಲೆಯ ಮೇಲಿನ ಹಾಲು ನೋಡಿ ಬರುವಷ್ಟರಲ್ಲಿ ವೈರಿ ಬಾಗಿಲಲ್ಲಿ ನಿಂತಿರುತ್ತಾನೆ.

ನಾನು ಜಗಳೂರಿನಲ್ಲಿ ರವಿಕೆ ಹೊಲಿಯುವವಳು. ನಮ್ಮ ಮನೆಯವರದು ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ. ಅಲ್ಲಿ ಮುದಿಯಾದ ಕಂಪ್ಯೂಟರು ನಡುಮನೆಗೆ ಬಂದು, ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ ಕೂತಿತು. ತೋಳಿಗೆ ಅಂಚು ಕೂರಿಸುವಷ್ಟು ನಾಜೂಕಾಗಿ ನಾನು ಆಟದಲ್ಲಿ ಗೋಡೆ ಕಟ್ಟುತ್ತೇನೆ. ಎರಡು ಸುತ್ತು ಗೋಡೆ, ಬಾಗಿಲಿಗೆ ಎರಡು ಬುರುಜು. ಬುರುಜುಗಳ ಒಳ್ಳೆಯ ಗುಣವೆಂದರೆ ಯಾರೂ ಹೇಳಬೇಕಾಗಿಲ್ಲ, ವೈರಿ ಹತ್ತಿರ ಬಂದರೆ ತಾವಾಗಿಯೇ ಬಾಣ ಬಿಡುತ್ತವೆ. ಗೋಡೆಯೊಳಗೆ ದೊಡ್ಡ ಮನೆಯ ಮುಂದೆ ಹಣ್ಣಿನ ಪೊದೆಗಳಿರುತ್ತವೆ. ಅವನ್ನು ನಾನು ಕೀಳಿಸುವುದಿಲ್ಲ, ಅಂಗಳ ಬೋಳಾಗುತ್ತದೆ. ಊರಾಚೆಯ ಪೊದೆಗಳಿಂದ ಬೇಕಾದಷ್ಟು ಕಿತ್ತು ತರಲಿ.

ಅತ್ತೆಗೆ ಟಿವಿಗಿಂತ ಇದೇ ರುಚಿ. ಪಕ್ಕದಲ್ಲಿ ಮೊರ ಇಟ್ಟುಕೊಂಡು ಕಾಳು ಹಸನು ಮಾಡುತ್ತಾ ನೋಡುತ್ತಾರೆ. ಆಟದಲ್ಲಿ ಹಣ್ಣು ಕೀಳುವ ಆಳುಗಳ ಬೆನ್ನಿಗೆ ಒಂದೊಂದು ಬುಟ್ಟಿ ಇರುತ್ತದೆ. ಅದನ್ನು ನೋಡಿ ಮೊದಲ ದಿನವೇ ಶುರು ಮಾಡಿದರು.

“ಅಲ್ಲವ್ವಾ, ಆ ಹೆಣ್ಮಗಳು ಬುಟ್ಟಿ ಕಟ್ಕೊಂಡು ಆವಾಗಿಂದ ಬಗ್ಗಿ ನಿಂತಾಳೆ. ಒಂದು ಲೋಟ ಮಜ್ಜಿಗೆನಾದ್ರೂ ಕೊಡು.”

“ಕೊಡಾಕೆ ಬರಲ್ಲ ಅತ್ತೆ, ಆಟ ಅದು.”

“ಕೂಲಿಯವರಿಗೆ ಮಜ್ಜಿಗೆ ಕೊಡಾಕೆ ಬರದೇ ಇರೋದು ಎಂಥಾ ಆಟವ್ವಾ, ಸುಡುಗಾಡು!”

ಈ ಹುಚ್ಚು ಹತ್ತಿಸಿದವನು ನಮ್ಮಣ್ಣ. ಹೊನ್ನಾಳಿಯಲ್ಲಿ ಅವನದು ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ, ಹಿಂದುಗಡೆಯೇ ಮನೆ. ಕೊರೊನಾ ಕಾಲದಲ್ಲಿ ಎಲ್ಲರೂ ಮನೆಯಲ್ಲಿ ಕೊಳೆಯುತ್ತಿದ್ದಾಗ ನನಗೂ, ನ್ಯಾಮತಿಯಲ್ಲಿ ಟೀಚರಾಗಿರುವ ತಂಗಿಗೂ ಫೋನಿನಲ್ಲೇ ಕಲಿಸಿಕೊಟ್ಟ. ಆಮೇಲೆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮೂವರೂ ಆಡುವುದು ರೂಢಿಯಾಯಿತು. ಫೋನನ್ನು ಸ್ಪೀಕರಿಗೆ ಹಾಕಿ ಮೂರೂ ಊರಿನಿಂದ ಬೈದಾಡುತ್ತಾ ಆಡುತ್ತಿದ್ದೆವು. ಅಣ್ಣ ಮೊದಲಿಂದಲೂ ಮುನ್ನುಗ್ಗುವ ಪೈಕಿ, ಹಿಂದೆ ಮನೆ ಇದೆಯೋ ಬಿದ್ದಿದೆಯೋ ತಿರುಗಿ ನೋಡುವುದಿಲ್ಲ. ತಂಗಿಗೆ ಒಡಹುಟ್ಟು ಗಿಡಹುಟ್ಟು ಯಾವುದೂ ಇಲ್ಲ, ವಿಡಿಯೋ ನೋಡಿ ಕಲಿತು ಆಡುತ್ತಾಳೆ, ಗೆಲ್ಲುತ್ತಾಳೆ.

ಈ ಆಟದಿಂದಲೇ ನನಗೂ ಅಣ್ಣನಿಗೂ ಮಾತು ಬಿಟ್ಟುಹೋಯಿತು ಎಂದರೆ ಜನ ನಗುತ್ತಾರೆ. ನಗಲಿ. ಒಂದು ಭಾನುವಾರ ಅಣ್ಣ, ನಾನು ಒಂದು ಪಕ್ಷ. ಅವನ ಊರು ಹೊತ್ತಿ ಉರಿಯುತ್ತಿತ್ತು, “ದಂಡು ಕಳ್ಸೇ, ದಂಡು ಕಳ್ಸೇ” ಅಂತ ಬಾಯಿ ಬಡಿದುಕೊಳ್ಳುತ್ತಿದ್ದ. ನನ್ನ ಹತ್ತಿರ ದಂಡೇ ಇರಲಿಲ್ಲ, ಕುರಿಗಳಿದ್ದವು. ಸೋತ. ಅದೇ ವಾರ ಚನ್ನಗಿರಿಯ ತವರಿನಲ್ಲಿ ಅಪ್ಪನ ಪುಣ್ಯಸ್ಮರಣೆ. ಅವ್ವ, ಚಿಕ್ಕಪ್ಪನ ಮನೆಯವರು, ನೆಂಟರಿಷ್ಟರು ಎಲ್ಲ ಪಂಕ್ತಿಯಲ್ಲಿ ಕೂತಿದ್ದರು. ಅಣ್ಣ ಪಾಯಸ ಬಡಿಸುತ್ತಾ ಆಟದ ಕಥೆ ತೆಗೆದ. ನಾನು, “ಗೋಡೆ ಕಟ್ಟಾಕೆ ಬರದವನು ಇನ್ನೊಬ್ಬರ ದಂಡು ಕೇಳಬಾರದು” ಅಂದೆ. ಎಲ್ಲರೂ ಹೋ ಅಂತ ನಕ್ಕರು. ಅವನಿಗೆ ಅದು ಚುಚ್ಚಿತು.

“ಇವಳು ಯಾವಾಗ್ಲೂ ಹಿಂಗೇ” ಅಂದ. “ಅಪ್ಪನ ಟೈಮಿನಾಗೂ ಅಷ್ಟೇ. ಎಲ್ಲಾ ಮುಗಿದ ಮೇಲೆ ಬಂದ್ಲು.”

ಅಪ್ಪನಿಗೆ ಎದೆ ಹಿಡಿದುಕೊಂಡಾಗ ನನಗೆ ಫೋನ್ ಮಾಡಿದವನು ಇದೇ ಅಣ್ಣ. “ಏನಿಲ್ಲ, ಗ್ಯಾಸು. ಗಾಬರಿ ಬೀಳ್ಬೇಡ, ಬರಬೇಡ, ನಾಳೆ ಮನೆಗೆ ಕರ್ಕೊಂಡು ಬರ್ತೀವಿ” ಅಂದವನೂ ಇವನೇ. ಮರುದಿನ ನಾನು ಚನ್ನಗಿರಿ ಮುಟ್ಟಿದಾಗ ಅಪ್ಪನನ್ನು ಕೂರಿಸಿ ಹಾರ ಹಾಕಿದ್ದರು. ಅದೆಲ್ಲ ಬಾಯಿಗೆ ಬಂತು, ಆದರೆ ಹೇಳಲಿಲ್ಲ. ಅಪ್ಪನ ಫೋಟೋ ಎದುರಿಗೇ ಇತ್ತು. ಎಲೆ ಬಿಟ್ಟು ಎದ್ದೆ. “ಇವನಾಗಿ ಬಂದು ಕರೆಯೋ ತನಕ ಈ ಮನೆ ಹೊಸಲು ತುಳಿಯಲ್ಲ” ಅಂತ ಅವ್ವನಿಗೆ ಹೇಳಿ ಬಸ್ಸು ಹತ್ತಿದೆ. ದಾವಣಗೆರೆ ಬರುವವರೆಗೂ ಅಳುತ್ತಲೇ ಇದ್ದೆ. ಕಂಡಕ್ಟರ್ ಪುಕ್ಕಟೆ ಟಿಕೆಟ್ಟಿಗೆ ಆಧಾರ್ ಕಾರ್ಡ್ ಕೂಡ ಕೇಳಲಿಲ್ಲ.

ಆದರೂ ಭಾನುವಾರದ ಆಟ ನಿಲ್ಲಲಿಲ್ಲ, ತಂಗಿ ನಿಲ್ಲಿಸಗೊಡಲಿಲ್ಲ. ಅಣ್ಣ ಫೋನಿನಲ್ಲಿ ಇರುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ. ಪ್ರತಿ ವಾರ ತಂಗಿಯ ಊರನ್ನು ದಾಟಿಕೊಂಡು ಬಂದು ನನ್ನ ಗೋಡೆಗೇ ಗುದ್ದುತ್ತಿದ್ದ. ಗೋಡೆ ಜಪ್ಪಯ್ಯ ಅನ್ನುತ್ತಿರಲಿಲ್ಲ. ಒಡಹುಟ್ಟಿದವರ ನಡುವೆ ಉಳಿದಿದ್ದ ಮಾತುಕತೆ ಅಷ್ಟೇ.

ಅಷ್ಟರಲ್ಲಿ ನಾಗರಪಂಚಮಿ ಹತ್ತಿರ ಬಂತು. ನಮ್ಮ ಕಡೆ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಹಬ್ಬದ ಮುಂಚೆ ಅಣ್ಣನೋ ತಮ್ಮನೋ ಬುಟ್ಟಿಯಲ್ಲಿ ಉಂಡೆ ತುಂಬಿಕೊಂಡು ಬಂದು ತವರಿಗೆ ಕರೆದುಕೊಂಡು ಹೋಗಬೇಕು. ಕರೆಯದೆ ಹೋದರೆ ಹೋದ ಹಾಗಲ್ಲ. ಅವ್ವ ದಿನಾ ಫೋನ್ ಮಾಡುತ್ತಿದ್ದಳು.

“ಬಸ್ಸು ಪುಕ್ಕಟೆ ಐತೆ, ಹತ್ತಿ ಬರಾಕೆ ಏನೇ ನಿಂಗೆ ರೋಗ?”

“ಕರೆಯದೆ ಬರಾಕೆ ನಾನೇನು ಪೋಸ್ಟ್‌ಮ್ಯಾನಾ?”

“ಅವನು ಹಂಗೇ, ನೀನು ಹಿಂಗೇ. ಉಂಡೆ ಎಲ್ಲಾ ನಾನೊಬ್ಬಳೇ ತಿಂದು ಸಾಯ್ತೀನಿ ಬಿಡು” ಅಂತ ಫೋನ್ ಕುಕ್ಕುತ್ತಿದ್ದಳು. ನಾನು ಮೇಲೆ ಮೇಲೆ ಗತ್ತು ತೋರಿಸುತ್ತಿದ್ದೆ. ಒಳಗೆ ಮಾತ್ರ, ಅವನು ಈ ವರ್ಷ ಬರದಿದ್ದರೆ ಇನ್ನು ಯಾವ ವರ್ಷವೂ ಬರುವುದಿಲ್ಲ, ತವರು ಅಲ್ಲಿಗೆ ಮುಗಿಯಿತು ಅಂತ ಹೆದರಿಕೆ.

ಹಬ್ಬದ ಹಿಂದಿನ ಭಾನುವಾರ ಮೂವರೂ ಬೇರೆಬೇರೆಯಾಗಿ ಆಡಿದೆವು, ಎಲ್ಲರಿಗೂ ಎಲ್ಲರೂ ವೈರಿ. ನಾನು ಗೋಡೆ ಬುರುಜು ಮುಗಿಸಿ ಅಣ್ಣನ ದಂಡಿಗೆ ಕಾದು ಕೂತೆ. ದಂಡು ಬರಲಿಲ್ಲ. ಬಹಳ ಹೊತ್ತಾದ ಮೇಲೆ ಅವನ ಕಡೆಯಿಂದ ಒಬ್ಬ ಆಳು ಬಂದ. ಕೈಯಲ್ಲಿ ಕತ್ತಿಯಿಲ್ಲ, ಬೆನ್ನಿಗೆ ಬುಟ್ಟಿ. ಸೀದಾ ನನ್ನ ಬಾಗಿಲಿಗೇ ಬಂದ. ಬುರುಜು ಬಾಣ ಬಿಟ್ಟಿತು, ಬಿದ್ದ. ಹಿಂದೆಯೇ ಇನ್ನೊಬ್ಬ, ಅವನದೂ ಅದೇ ಬುಟ್ಟಿ, ಅದೇ ಗತಿ.

“ನಿಮ್ಮಣ್ಣಂಗೆ ತಲೆ ಕೆಟ್ಟಿದೆ” ಅಂದೆ ತಂಗಿಗೆ, ನನಗೆ ಅವನು ಏನೂ ಆಗಬೇಕಿಲ್ಲ ಎನ್ನುವ ಹಾಗೆ.

ಅತ್ತೆ ಮೊರ ಕೆಳಗಿಟ್ಟರು. “ಅಯ್ಯೋ ನಿನ್ನ! ಕಣ್ಣು ಕಾಣಲ್ವೇನೇ? ಬುಟ್ಟಿ ಐತಲ್ಲೇ. ಪಂಚಮಿಗೆ ಕರೆಯಾಕೆ ಕಳ್ಸ್ಯಾನೆ ನಿಮ್ಮಣ್ಣ. ಕರೆಯಾಕೆ ಬಂದವರನ್ನ ಕೊಲ್ತೀಯಲ್ಲೇ, ಪಾಪಿ!”

ಹೌದಲ್ಲ! ಬಾಯಿಬಿಟ್ಟು ಕರೆಯಲು ಮರ್ಯಾದೆ ಅಡ್ಡ ಬರುತ್ತದೆ, ಆಟದಲ್ಲಿ ಕರೆದರೆ ಯಾರಿಗೂ ಗೊತ್ತಾಗುವುದಿಲ್ಲ. ಅವನ ಬುದ್ಧಿಯೇ ಅದು. ಮೂರನೆಯವನು ಬರುತ್ತಿದ್ದ. ವೈರಿಯನ್ನು ಮಿತ್ರ ಅಂತ ಬದಲಿಸುವ ಗುಂಡಿ ಎಲ್ಲೋ ಇದೆ, ನನಗೆ ಅದರ ಅವಶ್ಯಕತೆ ಯಾವತ್ತೂ ಬಿದ್ದಿರಲಿಲ್ಲ. ಹುಡುಕಿದೆ, ಸಿಗಲಿಲ್ಲ. ಅವನೂ ಬಿದ್ದ. ಅತ್ತೆ, “ಶಿವಾ ಶಿವಾ” ಅಂತ ಕೆನ್ನೆ ಬಡಿದುಕೊಂಡರು. ನಾಲ್ಕನೆಯವನ ತಲೆ ಕಂಡಿತು. ಇನ್ನು ಯೋಚನೆ ಮಾಡಲಿಲ್ಲ. ನನ್ನ ಕೈಯಾರೆ ಕಟ್ಟಿದ ಎರಡೂ ಬುರುಜು, ಬಾಗಿಲು, ಅಕ್ಕಪಕ್ಕದ ಗೋಡೆ ಎಲ್ಲದರ ಮೇಲೆ ಒತ್ತಿ ಒತ್ತಿ ಅಳಿಸಿಹಾಕಿದೆ.

ಅವನು ನಿಧಾನಕ್ಕೆ ಒಳಗೆ ಬಂದ. ದೊಡ್ಡ ಮನೆಯ ಮುಂದೆ ಹೋಗಿ ಬಗ್ಗಿದ.

“ನೋಡು, ನೋಡು, ನಮಸ್ಕಾರ ಮಾಡ್ತಾನೆ!” ಅಂದರು ಅತ್ತೆ. ನನ್ನ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು ನೋಡುವಷ್ಟರಲ್ಲಿ ಊರ ತುಂಬ ಕುದುರೆಗಳು. ತಂಗಿಯ ಕುದುರೆಗಳು. ಹೊಲಕ್ಕೆ ಬೆಂಕಿ, ಕೊಟ್ಟಿಗೆಗೆ ಬೆಂಕಿ, ಪಾಪದ ಕುರಿಗಳು ಚೆಲ್ಲಾಪಿಲ್ಲಿ.

“ಏನೇ ಇದು, ಮನೆಹಾಳಿ!” ಅಂತ ಕಿರುಚಿದೆ.

“ಬಾಗಿಲು ತೆಗೆದಿತ್ತು ಅಕ್ಕ, ಬಂದೆ” ಅಂದಳು ತಣ್ಣಗೆ.

“ಅಣ್ಣ ಪಂಚಮಿಗೆ ಕರೆಯಾಕೆ ಕಳ್ಸಿದ್ದ ಕಣೇ, ಅದಕ್ಕೇ ತೆಗೆದೆ. ಅವನಿಗೆ ಹೇಳು, ನಂಗೆ ಅರ್ಥ ಆತು ಅಂತ. ಗೋಡೆ ಕೆಡವಿ ಒಳಗೆ ಕರ್ಕೊಂಡೆ ಅಂತ ಹೇಳು.”

ಫೋನಿನಲ್ಲಿ ಸರಬರ ಸದ್ದಾಯಿತು. ಆಮೇಲೆ ಎಷ್ಟೋ ತಿಂಗಳಿಂದ ಕೇಳದ ದನಿ. “ಯಾರು? ಯಾರನ್ನ ಕರೆಯಾಕೆ ಕಳ್ಸಿದ್ದೆ ನಾನು?”

ಆಗಿದ್ದೇನೆಂದರೆ, ಗೋವಿನಕೋವಿಯಿಂದ ಯಾರೋ ಸುಟ್ಟ ಮೋಟಾರು ತಂದು ಅಂಗಡಿಯ ಮುಂದೆ ನಿಂತಿದ್ದರಂತೆ. ಇವನು ಆಳುಗಳಿಗೆ ಹಣ್ಣು ಕೀಳಲು ಹೇಳಿ ಎದ್ದು ಹೋಗಿದ್ದ. ಅವನ ಕಡೆಯ ಹಣ್ಣು ಮುಗಿದಿತ್ತು. ಆಟದ ಆಳುಗಳಿಗೆ ಅಷ್ಟೇ ಬುದ್ಧಿ, ಹಣ್ಣು ಮುಗಿದರೆ ತಾವಾಗಿಯೇ ಹಣ್ಣಿರುವ ಕಡೆ ನಡೆಯುತ್ತಾರೆ. ಆ ಸೀಮೆಯಲ್ಲಿ ಹಣ್ಣು ಉಳಿದಿದ್ದದ್ದು ನನ್ನ ಅಂಗಳದಲ್ಲಿ ಮಾತ್ರ. ನಮಸ್ಕಾರ ಅಂದುಕೊಂಡೆವಲ್ಲ, ಆ ಬೇವರ್ಸಿ ನನ್ನ ಹಣ್ಣು ಕದಿಯುತ್ತಿದ್ದ.

ತಂಗಿ ಬಿದ್ದು ಬಿದ್ದು ನಕ್ಕಳು. ನನಗೆ ನಾಚಿಕೆಯಿಂದ ಸಾಯುವ ಹಾಗಾಯಿತು. ಫೋನ್ ಕಟ್ ಮಾಡಿ, ಕಂಪ್ಯೂಟರಿನ ವೈರು ಕಿತ್ತು, ಯಾರದೋ ರವಿಕೆಗೆ ತಪ್ಪು ತೋಳು ಹಚ್ಚಿದೆ. ಅತ್ತೆ ಎರಡು ದಿನ ಆಟದ ಸುದ್ದಿ ಎತ್ತಲಿಲ್ಲ.

ಬುಧವಾರ ಬೆಳಿಗ್ಗೆ ಗೇಟಿನ ಸದ್ದಾಯಿತು. ನೋಡಿದರೆ ಅಣ್ಣ. ಕೈಯಲ್ಲಿ ಅವ್ವನ ವೈರ್ ಬುಟ್ಟಿ, ಅದರೊಳಗೆ ಉಂಡೆಯ ಸ್ಟೀಲ್ ಡಬ್ಬಿ. ಒಳಗೆ ಬರದೆ ಹೊರಗೇ ನಿಂತ.

“ಬರಬಹುದಾ? ಬಾಣ ಗೀಣ ಬಿಡಲ್ಲ ತಾನೇ?”

“ಹಣ್ಣು ಕೀಳಾಕೆ ಬಂದಿದ್ರೆ ಸೀಬೆ ಗಿಡ ಹಿತ್ತಲಾಗೆ ಐತೆ” ಅಂದೆ. ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ.

ಬಂದು ಕೂತ. ನೀರು ಕುಡಿದ, ಚಹಾ ಕುಡಿದ. ಅತ್ತೆ ಅಡುಗೆಮನೆಗೆ ಹೋದ ಮೇಲೂ ಲೋಟ ಕೆಳಗಿಡದೆ ತಿರುಗಿಸುತ್ತಾ ಇದ್ದ. “ಅವನ್ಯಾರೋ ಕರೆಯಾಕೆ ಬಂದ ಅಂತ ಅಷ್ಟೂ ಗೋಡೆ ಕೆಡವಿದೆಯಂತಲ್ಲೇ” ಅಂದ. “ನಾನು ಇಷ್ಟು ದಿನ ಗುದ್ದಿದ್ರೂ ಒಂದು ಕಲ್ಲು ಬಿದ್ದಿರಲಿಲ್ಲ.”

ನಾನು ಉಂಡೆಯ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದೆ.

“ಅವತ್ತು ಬರಬೇಡ ಅಂದಿದ್ದು ನಾನೇ. ಅದು ಗೊತ್ತಿದ್ದೂ ಎಲ್ಲರ ಮುಂದೆ ಹಂಗಂದೆ.” ಲೋಟ ಕೆಳಗಿಟ್ಟ. “ನಾನು ನಿಜವಾಗ್ಲೂ ಗ್ಯಾಸು ಅಂತಾನೇ ಅನ್ಕೊಂಡಿದ್ದೆ ಕಣೇ. ಅಪ್ಪ ಹೋಗ್ತಾನೆ ಅಂತ ನಂಗೆ ಗೊತ್ತಾಗಲಿಲ್ಲ.”

ಅಷ್ಟು ದಿನ ಮನಸ್ಸಿನಲ್ಲೇ ಮಸೆದಿಟ್ಟ ಮಾತುಗಳು ನನ್ನ ಹತ್ತಿರ ಒಂದು ಮೂಟೆ ಇದ್ದವು. ಅಷ್ಟನ್ನೂ ಬಿಟ್ಟು ಅವನ ಪಕ್ಕ ಕೂತು ಅತ್ತುಬಿಟ್ಟೆ. ಅವನೂ ಅತ್ತ, ಮೋಟಾರಿನ ಗ್ರೀಸು ಅಂಟಿದ ಕೈಯಲ್ಲೇ ಮುಖ ಒರೆಸಿಕೊಂಡು ಕರ್ರಗಾದ.

ಮೂಗು ಸೀಟಿ ಎದ್ದು, ಸ್ವಲ್ಪವಾದರೂ ಬಿಗುಮಾನ ಉಳಿಸಿಕೊಳ್ಳೋಣ ಅಂತ, “ಇವತ್ತೇ ಹೊರಡು ಅಂದ್ರೆ ಹೆಂಗೆ? ಬಟ್ಟೆಬರೆ ಜೋಡಿಸ್ಕೋಬೇಕು, ಟೈಮ್ ಹಿಡೀತದೆ” ಅಂದೆ.

ಅಷ್ಟರಲ್ಲಿ ಅತ್ತೆ ನನ್ನ ಬ್ಯಾಗನ್ನು ಎಳೆದುಕೊಂಡು ಬಂದು ಅಣ್ಣನ ಕಾಲ ಬಳಿ ಇಟ್ಟರು.

“ಎಲ್ಲಾ ಜೋಡ್ಸೈತಪ್ಪ. ಭಾನುವಾರ ಫೋನ್ ಕುಕ್ಕಿದ ಮೇಲೆ ರವಿಕೆ ಹಾಳು ಮಾಡಿ, ಸಂಜೆನೇ ತುಂಬಿ ಮಂಚದ ಕೆಳಗೆ ತಳ್ಳ್ಯಾಳೆ. ಕರ್ಕೊಂಡು ಹೋಗು, ಬಸ್ಸಿನ ಹೊತ್ತಾತು.”