ಮಗ್ಗದ ಕೊಟ್ಟಿಗೆಗೆ ತಗಡಿನ ದೋಣಿ ಕಟ್ಟಿದ ದಿನ

ಮೆಟ್ಟೂರಿನ ಅಣೆಕಟ್ಟೆಯ ಕೆಲಸ ಇನ್ನೂ ನಡೆಯುತ್ತಿದ್ದ ಕಾಲ. ನಂಗವಳ್ಳಿ ಕಡೆಯಿಂದ ನಾನು ಸೇಲಂನ ನೇಕಾರರ ಕೇರಿಗೆ ಸೊಸೆಯಾಗಿ ಬಂದಿದ್ದೆ. ಅತ್ತೆ ಆಗಲೇ ತೀರಿಕೊಂಡಿದ್ದರು. ಮನೆಯಲ್ಲಿ ಮಾವ, ನನ್ನ ಗಂಡ ಮತ್ತು ನಾನು. ಹಿತ್ತಲಲ್ಲಿ ಮಣ್ಣುಗೋಡೆಯ ಪುಟ್ಟ ಕೊಟ್ಟಿಗೆ, ಅದರೊಳಗೆ ಗುಂಡಿಮಗ್ಗ. ನೇಯುವವರು ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಅಡಿಯ ಹಲಗೆಗಳನ್ನು ತುಳಿಯುತ್ತ ಕೂರಬೇಕು. ಬೆಳಿಗ್ಗೆ ಅದಕ್ಕೆ ಇಳಿದರೆ ನನ್ನ ಗಂಡ ಊಟಕ್ಕೇ ಏಳುತ್ತಿದ್ದದ್ದು.

ನನಗೆ ಆ ಕೊಟ್ಟಿಗೆಯೆಂದರೆ ಭಯ. ಹಿಂದಿನ ಮಳೆಗಾಲದಲ್ಲಿ ಪಕ್ಕದ ಬೀದಿಯಲ್ಲಿ ಇಂಥದೇ ಗೋಡೆ ನೆನೆದು ಕುಸಿದಿತ್ತು. ಮಗ್ಗದಲ್ಲಿದ್ದ ಹೆಂಗಸು ಗುಂಡಿಯಿಂದ ಏಳಲಾಗದೆ ಸತ್ತಳು. ಅವಳನ್ನು ಬೀದಿಯಲ್ಲಿ ಮಲಗಿಸಿದ್ದಾಗ ನಾನೂ ನೋಡಿದ್ದೆ. ತಲೆಗೂದಲ ತುಂಬ ಕೆಂಪು ಮಣ್ಣು. ಅಂದಿನಿಂದ ನಮ್ಮ ಸೂರಿನ ನೀರು ಎಲ್ಲಿ ಬೀಳುತ್ತದೆಂದು ನೋಡುವುದೇ ನನ್ನ ಕೆಲಸವಾಯಿತು. ಗೋಡೆಯ ಬುಡದ ಮಣ್ಣು ಕೊಚ್ಚಿಹೋಗಿ ಪೊಟರೆ ಬಿದ್ದಿತ್ತು. ಮಾವನ ಎದುರು ನಿಂತು ಮಾತಾಡುವ ರೂಢಿ ಇರಲಿಲ್ಲ. ಗಂಡನಿಗೆ ಹೇಳಿದರೆ, "ನಮ್ಮ ತಾತನ ಕಾಲದಿಂದ ನಿಂತೈತೆ, ಈಗ ಬಿದ್ದೋಯ್ತದಾ?" ಎಂದು ನಕ್ಕರು.

ಮಾವ ಅದನ್ನು ಕೇಳಿಸಿಕೊಂಡಿದ್ದರು. ಮಾರನೇ ವಾರ ಹಳೆಯ ಸೀಮೆಎಣ್ಣೆ ಡಬ್ಬಗಳನ್ನು ತಂದು ಸೀಳಿದರು. ಬಡಿದು ಚಪ್ಪಟೆ ಮಾಡಿ, ಒನಕೆಯ ಮೇಲೆ ಬಗ್ಗಿಸಿ, ಸೂರಿನ ನೀರು ಹರಿದುಹೋಗಲು ಸಣ್ಣ ಸಣ್ಣ ದೋಣಿಗಳನ್ನು ಮಾಡಿದರು.

"ಈ ತಗರವ ಸೂರಿಗೆ ಕಟ್ಟಿದ್ರೆ ನೀರು ಗ್ವಾಡೆ ಮುಟ್ಟಲ್ಲ. ನೇರಾ ಚರಂಡಿಗೋಯ್ತದೆ. ಅಮ್ಮಣಿ ಎದರಬ್ಯಾಡ," ಎಂದು ತಗಡಿನತ್ತಲೇ ನೋಡುತ್ತ ಹೇಳಿದರು.

ಊಟವಾದ ಮೇಲೆ ಏಣಿ ಹಾಕಿದರು. ನಾನು ಅದನ್ನು ಹಿಡಿದು ನಿಂತೆ. ಒಳಗೆ ಗಂಡ ನೇಯುತ್ತಿದ್ದರು; ಲಾಳಿ ಓಡುವ ಸದ್ದು ಬರುತ್ತಿತ್ತು. ಮಾವ ಸೂರಿನ ಗಳಗಳಿಗೆ ತಂತಿ ಸುತ್ತಿ, ಒಂದು ತಗಡಿನ ತುದಿ ಇನ್ನೊಂದರೊಳಗೆ ಕೂರುವಂತೆ, ಚರಂಡಿಯ ಕಡೆಗೆ ಇಳಿಜಾರು ಕೊಟ್ಟು ಕಟ್ಟುತ್ತ ಹೋದರು. ಏರ್ಕಾಡಿನ ಬೆಟ್ಟದ ಮೇಲೆ ಮೋಡ ಕಪ್ಪಾಗುತ್ತಿತ್ತು. ನಾನು ಏಣಿಯ ಬಿದಿರನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.

ಸೂರಿನ ಉದ್ದಕ್ಕೂ ಕಟ್ಟಿಯಾಗಿತ್ತು. ಮೂಲೆಯಿಂದಾಚೆ ಚರಂಡಿಯವರೆಗೆ ನೀರು ಒಯ್ಯಬೇಕಾದ ಕೊನೆಯ ತಗಡೊಂದು ಬಾಕಿ. ಅಷ್ಟರಲ್ಲಿ ಮಳೆ ಹೊಡೆಯಿತು.

ಇಡೀ ಮಾಡಿನ ನೀರು ದೋಣಿಯಲ್ಲಿ ಓಡಿಬಂದು, ಮೂಲೆಯಲ್ಲಿ ಒಂದೇ ಕಡೆ, ಗೋಡೆಯ ಬುಡಕ್ಕೆ ಧುಮುಕಿತು. ಮಾವ ಏಣಿಯ ಮೇಲೆಯೇ ಕೊನೆಯ ತಗಡನ್ನು ಎರಡೂ ಕೈಯಲ್ಲಿ ಹಿಡಿದು ಆ ನೀರನ್ನು ಆಚೆ ತಿರುಗಿಸಲು ನೋಡಿದರು. ತಗಡಿನ ಅಂಚು ಅಂಗೈ ಕೊಯ್ದು ರಕ್ತ ಅವರ ಮೊಣಕೈಯವರೆಗೆ ಇಳಿಯಿತು. ನನ್ನ ಕಣ್ಣೆದುರೇ ಗೋಡೆಯಲ್ಲಿ ಗೆರೆಯೊಂದು ಮೂಡಿ ಸೂರಿನ ಕಡೆಗೆ ಹತ್ತಿತು.

"ಏಣಿ ಬುಡಮ್ಮಣಿ. ಗ್ವಾಡೆ ಬಾಯಿ ಬುಟ್ಟೈತೆ. ಸೀಕ್ರ ಒಳಕ್ಕೋಗು, ಅವನ ಎಬ್ಬಿಸು."

ಏಣಿ ಬಿಟ್ಟರೆ ಅವರು ಬೀಳುತ್ತಾರೆ. ಬಿಡದಿದ್ದರೆ ಒಳಗಿರುವವರ ಗತಿ? ಏಣಿ ಹಿಡಿದೇ ನಿಂತೆ. ಮಾವ ಗದರಿದರು. "ಓಗು ಅಂದ್ನಲ್ಲಾ."

ಬಾಗಿಲಿಗೆ ಓಡಿದೆ. ಹೆಂಚಿನ ಮೇಲಿನ ಮಳೆ, ಲಾಳಿಯ ಸದ್ದು. ನನ್ನ ಕೂಗು ಅವರಿಗೆ ಕೇಳಿಸಲಿಲ್ಲ. ಆಗ ಗಂಡನ ಹೆಸರು ಹಿಡಿದು ಕಿರುಚಿದೆ. ಹೆಂಡತಿಯ ಬಾಯಲ್ಲಿ ಹೆಸರು ಕೇಳಿ ಅವರು ಬೆಚ್ಚಿ ತಲೆಯೆತ್ತಿದರು. ಏಳಲು ಹೋದರೆ ಕಾಲು ಹಲಗೆಯ ಹಗ್ಗಕ್ಕೆ ಸಿಕ್ಕಿತು. ನಾನು ಕಂಕುಳಿಗೆ ಕೈಕೊಟ್ಟು ಎಳೆದೆ. ಅವರು ಮಗ್ಗಕ್ಕೆ ಹಾಸಿದ್ದ ನೂಲಿನ ಕಡೆಗೆ ಕೈಚಾಚಿ, "ಹಾಸು, ಹಾಸು," ಎನ್ನುತ್ತಿದ್ದರು. ನಾನು ಬಿಡದೆ ಎಳೆದೆ. ಪಾದದ ಚರ್ಮ ಸುಲಿದು ಹಗ್ಗದಿಂದ ಕಾಲು ಹೊರಬಂತು. ಇಬ್ಬರೂ ಹೊಸಿಲಿನಾಚೆ ಉರುಳಿದಾಗ ಹಿಂದೆ ದಬ್ಬೆಂದು ಸದ್ದಾಯಿತು. ಮೂಲೆಯ ಗೋಡೆ ಒಳಕ್ಕೆ ಮಲಗಿತ್ತು. ಗುಂಡಿಯಿದ್ದ ಜಾಗದಲ್ಲಿ ಮಣ್ಣಿನ ಗುಡ್ಡೆ.

ಮಾವನ ನೆನಪು ಬಂದಿದ್ದು ಆಗ. ಸುತ್ತು ಹಾಕಿ ಓಡಿದೆ. ಏಣಿ ಹೊರಗಡೆಗೆ ಬಿದ್ದಿತ್ತು. ಅವರು ಕೆಸರಿನಲ್ಲಿ ಕೂತು, ಅಂಗೈಗಳನ್ನು ಮಳೆಗೆ ಒಡ್ಡಿ, "ಬಂದನಾ? ಬಂದನಾ?" ಎಂದು ಕೇಳುತ್ತಿದ್ದರು.

"ಬಂದವ್ರೆ ಮಾವ," ಎಂದೆ. ನಾನು ಅವರಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಅವರು ಅಳತೊಡಗಿದರು.

ಬೇಸಿಗೆಯಲ್ಲಿ ಬುಡಕ್ಕೆ ಕಲ್ಲು ಕೊಟ್ಟು ಗೋಡೆ ಎಬ್ಬಿಸಿದರು. ಕೈಯ ಗಾಯ ಮಾಗಿದ ಮೇಲೆ ಮಾವ ದೋಣಿಯನ್ನೂ ಕಟ್ಟಿದರು. ಈ ಸಲ ಚರಂಡಿಯ ಕಡೆಯಿಂದ ಶುರುಮಾಡಿ ಮೇಲಕ್ಕೆ ಹೋದರು. ನೀರು ಗೋಡೆಗೆ ಸೋಕಲೇ ಇಲ್ಲ. ಆದರೂ ನನ್ನ ಭಯ ಹೋಗಲಿಲ್ಲ. ತಗಡಿನ ಮೇಲೆ ಹನಿ ಬಿದ್ದ ಸದ್ದಾದರೆ ಸಾಕು, ಒಲೆಯ ಮೇಲಿನ ಅನ್ನ ಬಿಟ್ಟು ಕೊಟ್ಟಿಗೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಗಂಡ ಗೊಣಗುತ್ತಿದ್ದರು. ಜಗಲಿಯಿಂದ ಮಾವ, "ಏಳಲಾ, ಅಮ್ಮಣಿ ನಿಂತವ್ಳೆ," ಎನ್ನುತ್ತಿದ್ದರು. ಮಳೆ ನಿಲ್ಲುವವರೆಗೆ ಮೂವರೂ ಜಗಲಿಯಲ್ಲಿ ಕೂತಿರುತ್ತಿದ್ದೆವು.