ನಮದಾನಿಯ ಹಾವಗೆಪ್ಪನವರು

ನಿಜಾಮ ಸರಕಾರದ ಫಸಲಿ ಸನ ೧೩೩೧ರ ಶ್ರಾವಣ, ಬೆಳಗಿನ ಹತ್ತು ಗಂಟೆ. ಬೀದರಿನ ಚೌಬಾರಾ ಸಮೀಪದ ಫಕ್ರೋದ್ದೀನ ಸಾಹೇಬರ ಅಂಗಡಿಯಲ್ಲಿ, ಭಾಲ್ಕಿಯಿಂದ ವಾಪಸು ಬಂದ ಒಂದು ಬಿದರಿ ಪೆಟ್ಟಿಗೆಯನ್ನು ತೆರೆಯಲಾಯಿತು. ಒಳಗಿದ್ದ ಸಿಗಾರುಗಳ ಮೇಲೆ ಬಿಳಿ ಪುಡಿ ಕೂತಿತ್ತು.

ಆ ಪುಡಿ ಏನೆಂಬುದರ ಮೇಲೆ ಒಬ್ಬ ಕುಶಲಕರ್ಮಿಯ ಮನೆಯ ಅನ್ನ ನಿಂತಿತ್ತು. ಅದನ್ನು ಹೇಳುವ ಮೊದಲು, ಈ ಸಂಪುಟ ಯಾರ ಗೌರವಕ್ಕಾಗಿ ಸಿದ್ಧವಾಗಿದೆಯೋ ಆ ಶ್ರೀ ಹಾವಗೆಪ್ಪ ಎಕಂಬೆಯವರು ಮಾಡಿದ ಕೆಲಸವೇನೆಂದು ತಿಳಿಸಬೇಕು. ಅದು ಊರಿನಲ್ಲಿ ಹೆಚ್ಚು ಜನ ಕಂಡ ಕೆಲಸವಲ್ಲ.

ಸಿಗಾರು ಎಂಬುದು ಸುತ್ತಿದ ತಂಬಾಕಿನ ಎಲೆ. ಅದು ಒಣಗಿದರೆ ಬಿರಿಯುತ್ತದೆ, ನೆನೆದರೆ ಬೂಷ್ಟು ಹಿಡಿಯುತ್ತದೆ. ಎತ್ತರದ ಬಯಲಿನಲ್ಲಿರುವ ಬೀದರಿನ ಬೇಸಿಗೆಗಾಳಿ ಮೊದಲನೆಯದನ್ನು ಮಾಡಿದರೆ ಮಳೆಗಾಲ ಎರಡನೆಯದನ್ನು ಮಾಡುತ್ತದೆ. ಈ ಎರಡರ ನಡುವೆ ಎಲೆಯನ್ನು ವರ್ಷವಿಡೀ ಹದವಾಗಿಡಲು ಪೆಟ್ಟಿಗೆಯೊಳಗೆ ತೇವ ಕೊಡುವ ಒಂದು ಸಾಧನ ಬೇಕು. ಉರ್ದುವಿನಲ್ಲಿ ನಮ ಎಂದರೆ ತೇವ. ಅತ್ತರದಾನಿ, ಪಾನದಾನಿಗಳ ಸಾಲಿಗೆ ಸೇರಿಸಿ ನಮ್ಮ ಅಂಗಡಿಯವರು ಆ ಸಾಧನವನ್ನು ನಮದಾನಿ ಎಂದು ಕರೆದರು. ಹೈದರಾಬಾದಿನಿಂದ ಸೋಲಾಪುರದವರೆಗೆ ಹಾವಗೆಪ್ಪನವರಷ್ಟು ನಮದಾನಿ ಬಲ್ಲವರಿಲ್ಲ ಎಂದು ಹೇಳುವವರಿದ್ದಾರೆ. ಅಷ್ಟು ದೂರ ಹೋಗಿ ನಾನು ವಿಚಾರಿಸಿಲ್ಲ. ಬೀದರ, ಭಾಲ್ಕಿ, ಔರಾದಗಳ ಮಟ್ಟಿಗೆ ಮಾತು ನಿಜ.

ಅವರು ಹುಟ್ಟಿದ್ದು ಔರಾದ ತಾಲೂಕಿನ ಎಕಂಬಾದ ಶರಣ ಮನೆತನದಲ್ಲಿ. ಹುಟ್ಟಿದ ವರ್ಷ ಅವರಿಗೂ ಖಚಿತವಿಲ್ಲ. ಮರಾಠಿಯ ಮೋಡಿ ಲಿಪಿ ಮತ್ತು ಕನ್ನಡ ಎರಡನ್ನೂ ಓದಬಲ್ಲವರಾಗಿದ್ದರಿಂದ ಫಸಲಿ ೧೩೧೫ರಲ್ಲಿ ಫಕ್ರೋದ್ದೀನ ಸಾಹೇಬರ ಅಂಗಡಿಯಲ್ಲಿ ಸಾಮಾನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅಂಗಡಿ ಆಗ ಬಟ್ಟೆ, ದೀಪದ ಎಣ್ಣೆ, ಬಿಸ್ಕತ್ತು, ಸೋಡಾ ಮಾರುತ್ತಿತ್ತು. ಅಧಿಕಾರಿಗಳಿಗೂ ಪ್ರವಾಸಿ ಬಂಗಲೆಗಳಿಗೂ ತಿರುಚಿನಾಪಳ್ಳಿಯ ಸಿಗಾರು ತರಿಸಿ ಕೊಡುವ ವ್ಯಾಪಾರ ಆಮೇಲೆ ಸೇರಿತು. ಅದಕ್ಕೆಂದು ಹಿಂದಿನ ಕೋಣೆಯನ್ನು ಬಿಟ್ಟುಕೊಟ್ಟು, ಕೀಲಿಯನ್ನು ಹಾವಗೆಪ್ಪನವರ ಕೈಗೆ ಕೊಡಲಾಯಿತು. ಅವರು ತಂಬಾಕನ್ನು ಬಾಯಿಗೆ ಮುಟ್ಟಿಸಿದವರಲ್ಲ, ಇಂದಿಗೂ ಮುಟ್ಟಿಸಿಲ್ಲ. ಅಂಗಡಿಯ ಲೆಕ್ಕ ಬರೆಯುತ್ತಿದ್ದ ಕಾಶೀರಾಮರು ಹೊಸ ಗಿರಾಕಿಗಳಿಗೆ ಇವರನ್ನು ತೋರಿಸಿ, “ಇವ್ರು ನಮ್ಮ ಹಕೀಮ್ರು. ಬ್ಯಾನಿ ತಂಬಾಕಿಂದು, ಪಥ್ಯ ಇವ್ರದು” ಎನ್ನುತ್ತಿದ್ದರು.

ಮೊದಲ ವರ್ಷಗಳ ತಪ್ಪುಗಳನ್ನು ಅವರೇ ನಗುತ್ತ ಹೇಳುತ್ತಾರೆ. ಹುಕ್ಕಾದ ತಂಬಾಕಿಗೆ ಗುಲಾಬಿ ನೀರು ಹಾಕುವುದು ನಮ್ಮ ಕಡೆಯ ರೂಢಿ. ಅದೇ ಮೇರೆಗೆ ಒಂದು ಬೇಸಿಗೆ ಸಿಗಾರಿನ ಕೋಣೆಗೂ ಗುಲಾಬಿ ನೀರು ಚಿಮುಕಿಸಿದರು. ಸೇದಿ ನೋಡಿದ ತಹಸೀಲ್ದಾರರು ತಮಗೆ ಮದುವೆಯ ಊಟ ನೆನಪಾಗುತ್ತದೆ ಎಂದು ಹೇಳಿ ಕಳಿಸಿದರು. ಮುಂದೆ ಒದ್ದೆ ಬಟ್ಟೆಯ ಉಂಡೆ ಇಟ್ಟರೆ ಅದು ಹುಳಿ ನಾರಿತು. ಕೊನೆಗೆ ಸುಟ್ಟ ಮಣ್ಣಿನ ತೆಳು ಕುಡಿಕೆಯಲ್ಲಿ ನೌಬಾದದ ಇಟ್ಟಿಗೆಯ ಪುಡಿ ತುಂಬಿ, ನೀರು ಹನಿಸಿ, ಪೆಟ್ಟಿಗೆಯ ತಳದಲ್ಲಿ ಇಡತೊಡಗಿದರು. ಕುಡಿಕೆ ನಿಧಾನವಾಗಿ ಬೆವರುತ್ತಿತ್ತು, ಗಾಳಿ ಆ ಬೆವರನ್ನು ಕುಡಿಯುತ್ತಿತ್ತು. ನಾನು ಅಂಗಡಿಗೆ ಗುಮಾಸ್ತನಾಗಿ ಸೇರಿದ ದಿನ ಅವರು ಹೇಳಿದ ಮೊದಲ ಮಾತು ಇದು: “ಎಲಿಗಿ ನೀರ ಕುಡಸಬ್ಯಾಡ್ರಿ. ಗಾಳಿಗಿ ಕುಡಸ್ರಿ, ಎಲಿ ತನಗ ಬೇಕಾದಷ್ಟು ತಾನ ತಗೋತದ.”

ಅವರ ಉಪಕಾರಗಳಲ್ಲಿ ನನಗೆ ಸಂಬಂಧಿಸಿದ ಒಂದನ್ನು ದಾಖಲಿಸುವುದು ಕರ್ತವ್ಯ. ಸಿಗಾರಿನ ಸರಕಿಗೆ ಮದ್ರಾಸಿನ ವೃತ್ತಪತ್ರಿಕೆಗಳನ್ನು ಸುತ್ತಿ ಕಳಿಸುತ್ತಿದ್ದರು. ಹಾವಗೆಪ್ಪನವರು ಆ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ, ಸುಕ್ಕು ತೆಗೆದು, ತಾರೀಖಿನ ಕ್ರಮದಲ್ಲಿ ಜೋಡಿಸಿ ನನ್ನ ಗಾದಿಯ ಮೇಲೆ ಇಡುತ್ತಿದ್ದರು. ಇಂಗ್ಲಿಷು ಅವರಿಗೆ ಬಾರದು, ಅಂಕಿಗಳು ಮಾತ್ರ ಗೊತ್ತು. ಆಮೇಲೆ ನಾನು ಪತ್ರಿಕೆಯ ಕೆಲಸಕ್ಕೆ ಹೋದುದರಲ್ಲಿ ಆ ಹಾಳೆಗಳ ಪಾಲು ಎಷ್ಟೆಂದು ಅಳೆದು ಹೇಳಲಾರೆ. ಪಾಲು ಇದೆ.

ಬಿದರಿಯ ಮುಜೀಬೋದ್ದೀನರು ಈ ವ್ಯಾಪಾರಕ್ಕೆ ಬಂದದ್ದು ಫಸಲಿ ೧೩೨೮ರ ಸುಮಾರಿಗೆ. ಕಪ್ಪು ಲೋಹದಲ್ಲಿ ಬೆಳ್ಳಿಯ ಬಳ್ಳಿ ಕೂರಿಸುವ ಅವರ ಮನೆತನ ತಲೆಮಾರುಗಳಿಂದ ಹುಕ್ಕಾದ ತಳಗಳನ್ನು ಮಾಡುತ್ತಿತ್ತು. ಹೈದರಾಬಾದಿನ ಹವೇಲಿಗಳಲ್ಲಿ ಹುಕ್ಕಾ ಹೋಗಿ ಸಿಗಾರು ಬಂದಂತೆ ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾಯಿತು. ಹಾಗಾದರೆ ಸಿಗಾರಿಗೇ ಪೆಟ್ಟಿಗೆ ಮಾಡಿ ಎಂದು ಸೂಚಿಸಿದವರು ಹಾವಗೆಪ್ಪನವರು. ಮುಜೀಬೋದ್ದೀನರು ಪೆಟ್ಟಿಗೆ ಎರೆದರು, ಹಾವಗೆಪ್ಪನವರು ಒಳಗೆ ತೂನ್ ಎಂಬ ಮರದ ತೆಳು ಹಲಗೆಯ ಅಸ್ತರಿ ಹಾಕಿಸಿ ನಮದಾನಿ ಕೂರಿಸಿದರು. ಎರಡೇ ವರ್ಷದಲ್ಲಿ ಆ ಕಾರ್ಖಾನೆ ಹೆಚ್ಚುಕಡಿಮೆ ನಮ್ಮ ಅಂಗಡಿಯ ಬೇಡಿಕೆಯ ಮೇಲೆಯೇ ನಡೆಯತೊಡಗಿತು.

ಫಕ್ರೋದ್ದೀನ ಸಾಹೇಬರಿಗೆ ಮಾತ್ರ ಲೋಹದ ಮೇಲೆ ನಂಬಿಕೆ ಇರಲಿಲ್ಲ. ಲೋಹ ಮಳೆಗಾಲದಲ್ಲಿ ಒಳಗೆ ಬೆವರುತ್ತದೆ, ಬೆವರು ಎಲೆಯ ಮೇಲೆ ಬೀಳುತ್ತದೆ ಎಂಬುದು ಅವರ ವಾದ. ವಾದದಲ್ಲಿ ಸತ್ಯಾಂಶವಿತ್ತು. ೧೩೩೦ರ ಮಳೆಗಾಲದಲ್ಲಿ ಒಂದು ಪೆಟ್ಟಿಗೆ ನಿಜವಾಗಿಯೂ ಬೂಷ್ಟು ಹಿಡಿದು ಬಂತು. ಇನ್ನೊಮ್ಮೆ ಹೀಗಾದರೆ ಬಿದರಿ ಪೆಟ್ಟಿಗೆ ಬಂದ್, ಮುಜೀಬೋದ್ದೀನರೊಂದಿಗೆ ವ್ಯವಹಾರವೂ ಬಂದ್ ಎಂದು ಮಾಲಕರು ಎಲ್ಲರೆದುರು ಹೇಳಿದರು. ಹೇಳಿದ್ದನ್ನು ಮಾಡುವವರು ಅವರು.

ಆ ಮಾತಿನ ನಂತರ ಹಾವಗೆಪ್ಪನವರು ನಮದಾನಿಯಲ್ಲಿ ಎರಡು ಬದಲಾವಣೆ ಮಾಡಿದರು. ತಳದ ಸಾಲಿನ ಸಿಗಾರುಗಳು ಹೆಚ್ಚು ತೇವ ಕುಡಿಯುತ್ತಿದ್ದುದರಿಂದ ಕುಡಿಕೆಯನ್ನು ತಳದಿಂದ ತೆಗೆದು ಮುಚ್ಚಳದ ಒಳಮೈಗೆ ಕಟ್ಟಿದರು. ಇದು ಒಳ್ಳೆಯದೇ ಆಯಿತು. ಎರಡನೆಯದು ಇಟ್ಟಿಗೆಯ ಪುಡಿಯ ಬದಲು ಕೋಟೆಯ ಮಣ್ಣು. ಬೀದರಿನ ಕೋಟೆಯ ಹಳೆಯ ಗೋಡೆಗಳ ಬುಡ ಬೇಸಿಗೆಯಲ್ಲೂ ಹಸಿಯಾಗಿ ಕಾಣುವುದನ್ನು ಇಲ್ಲಿಯವರೆಲ್ಲ ಬಲ್ಲರು. ಅಷ್ಟು ತೇವ ಹಿಡಿದಿಡುವ ಮಣ್ಣು ಕುಡಿಕೆಯೊಳಗಿದ್ದರೆ ಪದೇ ಪದೇ ನೀರು ಹನಿಸುವ ತೊಂದರೆ ತಪ್ಪುತ್ತದೆ ಎಂದು ಅವರು ತರ್ಕಿಸಿದರು. ಬಿದರಿಗೆ ಕಪ್ಪು ಬಣ್ಣ ಏರಿಸಲು ಬಳಸುವುದೂ ಅದೇ ಮಣ್ಣು. ಆದ್ದರಿಂದ ಒಂದು ಬುಟ್ಟಿ ಮಣ್ಣನ್ನು ಮುಜೀಬೋದ್ದೀನರ ಕಾರ್ಖಾನೆಯಿಂದಲೇ ತಂದರು. ಕೊಡುವಾಗ ಮುಜೀಬೋದ್ದೀನರು, “ಹಾವಗೆಪ್ಪಣ್ಣ, ಬೆಳ್ಳಗಿದ್ದ ಲೋಹಕ್ಕ ಇದು ಕರಿ ಮಾಡ್ತದ. ಕರ್ರಗಿದ್ದ ನಿಮ್ಮ ಎಲಿಗಿ ಬೆಳ್ಳಗ ಮಾಡೀತು, ನೋಡ್ಕೋರಿ” ಎಂದು ಚೇಷ್ಟೆ ಮಾಡಿದ್ದನ್ನು ನಾನು ಕೇಳಿದ್ದೇನೆ. ಇಬ್ಬರೂ ನಕ್ಕರು. ಹೊಸ ಕುಡಿಕೆ ಮೊದಲಿಗಿಂತ ಹೆಚ್ಚು ದಿನ ತೇವ ಹಿಡಿಯಿತು. ಮಾಲಕರಿಗೆ ಈ ಬದಲಾವಣೆಯನ್ನು ಯಾರೂ ತಿಳಿಸಲಿಲ್ಲ.

ಭಾಲ್ಕಿಯಲ್ಲಿ ಆಗ ರೈಲುದಾರಿಯ ಅಳತೆಗೆ ಬಂದಿದ್ದ ಒಬ್ಬ ಇಂಜಿನಿಯರರು ಬಿಡಾರ ಹೂಡಿದ್ದರು. ಅವರು ಒಂದು ಪೆಟ್ಟಿಗೆ ಒಯ್ದು, ಮೆಚ್ಚಿ, ಮೇಲಧಿಕಾರಿಗಳಿಗೆ ಕೊಡಲು ಇನ್ನೂ ನಾಲ್ಕು ಹೇಳಿದ್ದರು. ಶ್ರಾವಣದ ಆ ಬೆಳಿಗ್ಗೆ ವಾಪಸು ಬಂದದ್ದು ಅವರ ಪೆಟ್ಟಿಗೆ. ಅದನ್ನು ತಂದ ಅವರ ಕಚೇರಿಯ ಪೇಶಕಾರ, ಇಂಜಿನಿಯರ ಸಾಹೇಬರ ಮಾತನ್ನು ಒಪ್ಪಿಸಿದ. ಸಿಗಾರು ಕೆಟ್ಟಿವೆ, ಉಳಿದ ನಾಲ್ಕು ಪೆಟ್ಟಿಗೆ ಬೇಡ.

ಮಾಲಕರು ಬಿಳಿ ಪುಡಿಯನ್ನು ಕಂಡರು, ಮತ್ತೇನೂ ಕೇಳಲಿಲ್ಲ. ಮುಜೀಬೋದ್ದೀನರನ್ನು ಕರೆಸಿದರು. ಲೋಹದ ಮಸಿ ಮೆತ್ತಿದ ಕೈಯಲ್ಲೇ ಅವರು ಬಂದು ಬಾಗಿಲಲ್ಲಿ ನಿಂತರು. ಕಾರ್ಖಾನೆಯಲ್ಲಿರುವ ಅರ್ಧ ಮುಗಿದ ನಾಲ್ಕನ್ನೂ ಕರಗಿಸಿಬಿಡಿ, ಇನ್ನು ಮುಂದೆ ಈ ಅಂಗಡಿಗೆ ಬಿದರಿ ಬೇಡ ಎಂದು ಮಾಲಕರು ಹೇಳಿದರು. ದನಿ ಏರಿಸಿ ಹೇಳಲಿಲ್ಲ. ಮುಜೀಬೋದ್ದೀನರು ಪೆಟ್ಟಿಗೆಯನ್ನು ಒಮ್ಮೆ ನೋಡಿ, “ನನ್ನ ಮಾಲ್ ಬೆವರಿಲ್ರಿ. ಆದ್ರ ಬೆಳ್ಳಗಾಗ್ಯಾದ, ಅದು ನನಗೂ ಕಾಣಸ್ತದ” ಎಂದಷ್ಟೇ ಅಂದರು.

ಹಾವಗೆಪ್ಪನವರು ಪೆಟ್ಟಿಗೆಯ ಮುಚ್ಚಳವನ್ನು ಬೆಳಕಿಗೆ ತಿರುಗಿಸಿ ಕುಡಿಕೆಯನ್ನು ನೋಡುತ್ತಿದ್ದರು. ಕುಡಿಕೆಯ ಹೊರಮೈ ಮೇಲೂ ಅದೇ ಬಿಳುಪು ಇತ್ತು. ಆ ಕ್ಷಣದಲ್ಲಿ ಅವರು ಸುಮ್ಮನಿದ್ದಿದ್ದರೆ ಕುಡಿಕೆಯ ಕಡೆ ಯಾರ ಗಮನವೂ ಹೋಗುತ್ತಿರಲಿಲ್ಲ. ಬೂಷ್ಟಿಗೆ ಲೋಹವೇ ಕಾರಣ ಎಂದು ಎಲ್ಲರೂ ಒಪ್ಪಿಯಾಗಿತ್ತು. ಅವರು ಕಾಶೀರಾಮರ ಕಡೆ ತಿರುಗಿ, ಚಹಾದ ಒಲೆಯಿಂದ ಒಂದು ಕೆಂಡ ತರಿಸಿರಿ, ಹಾಗೇ ನಿಮ್ಮ ಚಪ್ಪಲಿ ಕೊಡಿರಿ ಎಂದರು.

ಮಳೆಗೆ ನೆನೆದು ಮೂಲೆಯಲ್ಲಿ ಬಿದ್ದಿದ್ದ ಕಾಶೀರಾಮರ ಚಪ್ಪಲಿಗೆ ಬೂಷ್ಟು ಬಂದಿತ್ತು. “ಪಂಚಾಯತಿ ಸಿಗಾರಿಂದು, ಸಾಕ್ಷಿಗಿ ನನ್ನ ಚಪ್ಪಲಿ ಯಾಕ?” ಎನ್ನುತ್ತಲೇ ಅವರು ತಂದುಕೊಟ್ಟರು. ಹಾವಗೆಪ್ಪನವರು ಅದರ ಬೂಷ್ಟನ್ನು ಕೆರೆದು ಕೆಂಡದ ಮೇಲೆ ಉದುರಿಸಿದರು. ಅದು ಹೊಗೆಯಾಡಿ ಬೂದಿಯಾಯಿತು. ಆಮೇಲೆ ಸಿಗಾರಿನ ಮೇಲಿನ ಬಿಳಿ ಪುಡಿಯನ್ನು ಗರಿಯಿಂದ ಒರೆಸಿ ಅದೇ ಕೆಂಡಕ್ಕೆ ಹಾಕಿದರು. ಅದು ಚಿಟಚಿಟನೆ ಸಿಡಿದು ಬೆಳ್ಳಗೆ ಉರಿಯಿತು. ಸಿಡಿಮದ್ದಿಗೆ ಬೆಂಕಿ ಹಚ್ಚುವುದನ್ನು ನೋಡಿದ ಯಾರಿಗಾದರೂ ಆ ಉರಿ ಗುರುತು ಸಿಗುತ್ತದೆ. ಅದು ಪೆಟ್ಲುಪ್ಪು, ನಮ್ಮಲ್ಲಿ ಶೋರಾ ಎನ್ನುತ್ತಾರೆ. ಹಳೆಯ ಗೋಡೆಯ ಮಣ್ಣಿನಲ್ಲಿರುವ ಆ ಉಪ್ಪು ನೀರಿನೊಂದಿಗೆ ಕುಡಿಕೆಯಿಂದ ಹೊರಗೆ ಬಂದು, ಒಣಗಿ, ಭಾಲ್ಕಿಯ ದಾರಿಯ ಕುಲುಕಾಟಕ್ಕೆ ಸಿಗಾರುಗಳ ಮೇಲೆ ಉದುರಿತ್ತು.

“ಬೂಸರ ಅಲ್ರಿ ಮಾಲಕ್ರ, ಶೋರಾ ಅದ,” ಎಂದರು ಹಾವಗೆಪ್ಪನವರು. “ಪೆಟ್ಟಿಗಿ ತಪ್ಪಲ್ಲ. ಕುಡಿಕ್ಯಾಗ ನಾ ಖಿಲ್ಲಾದ ಮಣ್ಣ ತುಂಬೀನಿ.”

“ಯಾರಿಗಿ ಕೇಳಿ ತುಂಬಿದಿ?”

“ಯಾರಿಗೂ ಕೇಳಿಲ್ರಿ.”

ಬಾಗಿಲಲ್ಲಿದ್ದ ಮುಜೀಬೋದ್ದೀನರು ಒಳಗೆ ಬಂದರು. “ಮಣ್ಣ ಕೊಟ್ಟಾವ ನಾನ್ರಿ ಮಾಲಕ್ರ.”

“ಕೊಟ್ಟಾವ್ರು ನೀವು, ತುಂಬಿದಾವ ನಾ. ಸುಮ್ಕ ಇರ್ರಿ ಭಾಯಿ,” ಎಂದು ಹಾವಗೆಪ್ಪನವರು ಕೆಂಡವನ್ನು ಚಿಮಟಿಗೆಯಿಂದ ಎತ್ತಿ ಹೊರಗೆ ಒಯ್ದರು.

ಫಕ್ರೋದ್ದೀನ ಸಾಹೇಬರ ನ್ಯಾಯ ಅಂದೇ ಮುಗಿಯಿತು. ಬಿದರಿ ಪೆಟ್ಟಿಗೆ ಮುಂದುವರಿಯಬೇಕು, ಇಂಜಿನಿಯರರು ಬೇಡವೆಂದ ನಾಲ್ಕನ್ನೂ ಅಂಗಡಿಗಾಗಿಯೇ ಪೂರ್ತಿ ಮಾಡಬೇಕು. ಕೇಳದೆ ಸರಕಿನಲ್ಲಿ ಕೈ ಹಾಕಿದವರ ಬಳಿ ಕೋಣೆಯ ಕೀಲಿ ಇರಕೂಡದು. ಕೀಲಿ ಕಾಶೀರಾಮರಿಗೆ ಹೋಯಿತು. ಹಾವಗೆಪ್ಪನವರನ್ನು ಔರಾದಿನ ಶಾಖೆಗೆ, ಎಣ್ಣೆ ಉಪ್ಪು ಮಾರಲು ಕಳಿಸಲಾಯಿತು. ಮಾಲಕರನ್ನು ನಾನು ದೂರುತ್ತಿಲ್ಲ. ಅವರ ಜಾಗದಲ್ಲಿ ಬೇರೆಯವರಿದ್ದರೆ ಕೆಲಸದಿಂದಲೇ ತೆಗೆಯುತ್ತಿದ್ದರು.

ಔರಾದಿನಲ್ಲಿ ಅವರು ಏನು ಮಾಡಿದರೆಂಬುದನ್ನು ನಾನು ಕಂಡಿಲ್ಲ. ಮುಂದಿನದು ಮುಜೀಬೋದ್ದೀನರಿಂದ ಕೇಳಿದ್ದು. ಠಾಣಾ ಕುಶನೂರದ ಒಬ್ಬ ಕುಂಬಾರರನ್ನು ಹಿಡಿದು ಕುಡಿಕೆಗಳನ್ನು ಇನ್ನೂ ತೆಳುವಾಗಿ ಮಾಡಿಸಿದರು. ಒಳಗೆ ತುಂಬಲು ಹಳ್ಳದ ಮರಳನ್ನು ಏಳೆಂಟು ನೀರಿನಲ್ಲಿ ತೊಳೆದರು. ಪ್ರತಿ ಕುಡಿಕೆಯನ್ನೂ ನೀರು ತುಂಬಿ ಬಿಸಿಲಿಗೆ ಇಟ್ಟು, ಒಣಗಿದ ಮೇಲೆ ಬಿಳುಪು ಕಂಡರೆ ಒಡೆದು ಹಾಕಿದರು. ಇತ್ತ ಬೀದರಿನಲ್ಲಿ ಮುಜೀಬೋದ್ದೀನರು ಒಂದು ಪಟ್ಟು ಹಿಡಿದರು. ನಮದಾನಿ ಕೂರಿಸುವ ಕೈ ಹಾವಗೆಪ್ಪನದೇ ಆಗಬೇಕು, ಇಲ್ಲವಾದರೆ ಪೆಟ್ಟಿಗೆ ಕೊಡುವುದಿಲ್ಲ. ಹೀಗಾಗಿ ನಾಲ್ಕು ವರ್ಷ ಪ್ರತಿ ಬಿದರಿ ಪೆಟ್ಟಿಗೆಯೂ ಎತ್ತಿನ ಗಾಡಿಯಲ್ಲಿ ಔರಾದಿಗೆ ಹೋಗಿ, ಕುಡಿಕೆ ಕಟ್ಟಿಸಿಕೊಂಡು, ಬೀದರಿಗೆ ಮರಳಿ, ಆಮೇಲೆ ಗಿರಾಕಿಯ ಮನೆ ಸೇರಿತು. ಮಾಲಕರಿಗೆ ಇದು ಗೊತ್ತಿತ್ತು. ಕೊನೆಗೆ ಒಂದು ದಿನ ಅವರೇ, “ಪೆಟ್ಟಿಗಿ ತಿರಗಾಡೂದ್ಕಿಂತ ಮನಿಶ್ಯಾ ಒಮ್ಮೆ ಬರೂದು ಛಲೋ” ಎಂದು ಹೇಳಿ ಕರೆಸಿಕೊಂಡರು.

ಮರಳಿದ ಮೇಲೆ ಹಾವಗೆಪ್ಪನವರು ಮಾಡಿದ ದೊಡ್ಡ ಸುಧಾರಣೆ ನಮದಾನಿಯ ಜಾಲರಿ. ಕುಡಿಕೆಯ ಮುಂದೆ ತಿರುಗುವ ಒಂದು ಬಿದರಿ ಬಿಲ್ಲೆ. ಬೇಸಿಗೆಯಲ್ಲಿ ಅದರ ಕಿಂಡಿಗಳನ್ನು ತೆರೆಯಬಹುದು, ಮಳೆಗಾಲದಲ್ಲಿ ಮುಚ್ಚಬಹುದು. ಯೋಚನೆ ಅವರದು, ಕೊರೆತ ಮುಜೀಬೋದ್ದೀನರದು. ಈ ಸಲ ಮಾಲಕರ ಒಪ್ಪಿಗೆ ಮೊದಲೇ ಪಡೆದಿದ್ದರು. ಗಾಳಿಯ ತೇವ ತೋರಿಸುವ ಮುಳ್ಳಿನ ಯಂತ್ರವೊಂದು ಹೈದರಾಬಾದಿನಿಂದ ಬಂದಾಗ, ಅವರು ತಮ್ಮ ಬೆರಳಿನ ಅಂದಾಜನ್ನು ಅದರೊಂದಿಗೆ ಒಂದು ವರ್ಷ ಹೋಲಿಸಿ ನೋಡಿದರು. ಎರಡಕ್ಕೂ ಭೇದ ಬಂದಾಗಲೆಲ್ಲ ಮುಳ್ಳು ಸರಿಯಿತ್ತು ಎಂದು ಅವರೇ ಹೇಳಿದರು.

ಫಸಲಿ ೧೩೪೭ರ ಕೊನೆಗೆ ಅವರು ಕೆಲಸದಿಂದ ನಿವೃತ್ತರಾಗಿ ಪತ್ನಿ ವಿಮಲಾಬಾಯಿಯವರೊಂದಿಗೆ ಎಕಂಬಾಕ್ಕೆ ಮರಳಿದ್ದಾರೆ. ದೇಹ ಗಟ್ಟಿಯಾಗಿದೆ, ಕಣ್ಣು ಚುರುಕಾಗಿವೆ. ಬೀಜದ ಜೋಳವನ್ನು ಮಳೆಗಾಲ ದಾಟಿಸುವ ಗಡಿಗೆಯೊಂದರ ಮೇಲೆ ಈಗ ಪ್ರಯೋಗ ನಡೆಸುತ್ತಿದ್ದಾರೆಂದು ತಿಳಿದಿದೆ. ಆ ಪ್ರಯೋಗ ಮುಗಿಯುವಷ್ಟು, ಮುಗಿದ ಮೇಲೆ ಅದರ ತಪ್ಪು ಹುಡುಕಿ ಮತ್ತೊಂದನ್ನು ಹೂಡುವಷ್ಟು ಆಯುಷ್ಯ ಅವರಿಗೆ ದೊರೆಯಲಿ ಎಂದು ಅವರ ಕೈಕೆಳಗೆ ಕೆಲಸ ಕಲಿತ ನಾವೆಲ್ಲರೂ ಬಯಸುತ್ತೇವೆ.

ಮುಜೀಬೋದ್ದೀನರು ೧೩೪೪ರಲ್ಲಿ ತೀರಿಕೊಂಡರು. ಕಾರ್ಖಾನೆಯನ್ನು ಈಗ ಅವರ ಮಗಳು ಮರಿಯಮಬೀ ನಡೆಸುತ್ತಾರೆ. ಅಂಗಡಿ ಬಿದರಿ ಪೆಟ್ಟಿಗೆಗಳನ್ನು ಇಂದಿಗೂ ಆ ಮನೆಯಿಂದಲೇ ತರಿಸುತ್ತದೆ.